ಉತ್ತರ: ‘ಲಾಬಿಯಿಸ್ಟ್’ಗೆ ಕನ್ನಡ ಪದ, ತುರ್ತಾಗಿ ಬೇಕು

> ಕಾನೂನು ರಚನೆ ಬಗ್ಗೆ ಒಂದು ಲೇಖನ ಅನುವಾದ ಮಾಡ್ತಿದ್ದೇನೆ. ನಾಳೆ ಕೊಡಬೇಕು. ಲಾಬಿಯಿಸ್ಟ್‌ಗೆ ‘ದಲ್ಲಾಳಿ’ ಅಂತ ಹಾಕಬಹುದಾ?

ಬೇಡ. ದಲ್ಲಾಳಿ ಅಂದ ಕೂಡಲೇ ಓದುವವರಿಗೆ ಕಮಿಷನ್, ಲಂಚ ನೆನಪಾಗುತ್ತವೆ. ಲಾಬಿ ಅಂದರೆ ಕಾನೂನು ಮಾಡುವವರ ಮೇಲೆ ಪ್ರಭಾವ ಬೀರುವುದು, ಎಷ್ಟೋ ಕಡೆ ಅದು ಕಾನೂನಿನ ಒಳಗೇ ನಡೆಯುವ ಕೆಲಸ. ಅಮೆರಿಕದಲ್ಲಿ 1995ರ ಕಾಯ್ದೆಯಂತೆ ಲಾಬಿ ಮಾಡುವವರು ನೋಂದಣಿ ಮಾಡಿಸಬೇಕು. ಯಾರ ಪರವಾಗಿ, ಯಾವ ವಿಷಯಕ್ಕೆ ಕೆಲಸ ಮಾಡಿದರು ಅಂತ ಈಗ ಮೂರು ತಿಂಗಳಿಗೊಮ್ಮೆ ವರದಿ ಕೊಡಬೇಕು. ಕೆನಡಾದಲ್ಲಿ ನೋಂದಣಿ 1989ರಿಂದಲೇ ಇದೆ.

ಲಂಚ ಕೊಡದೆಯೂ ಕಾನೂನನ್ನು ಬಾಗಿಸಬಹುದು, ಓದುಗರಿಗೆ ಮುಟ್ಟಬೇಕಾದದ್ದು ಇದೇ. ಶಾಸಕರಿಗೆ ಪ್ರತಿ ವಿಷಯವೂ ಗೊತ್ತಿರೋದಿಲ್ಲ, ಓದಲು ಪುರುಸೊತ್ತೂ ಇರೋದಿಲ್ಲ. ಅಂಕಿಅಂಶ, ತಜ್ಞರ ಟಿಪ್ಪಣಿ, ಕೆಲವು ಸಲ ಮಸೂದೆಯ ಕರಡನ್ನೇ ಲಾಬಿಯವರು ತಂದುಕೊಡುತ್ತಾರೆ. ಒಂದು ಕಲಮಿನಲ್ಲಿ ‘ಮಾಡತಕ್ಕದ್ದು’ ಹೋಗಿ ‘ಮಾಡಬಹುದು’ ಬಂದರೆ ಸಾಕು, ಇಡೀ ಕಾಯ್ದೆ ಹಲ್ಲಿಲ್ಲದ್ದಾಗುತ್ತದೆ. ನಿನ್ನೆ ನಿಯಮ ಬರೆದ ಅಧಿಕಾರಿ ನಾಳೆ ಅದೇ ಉದ್ಯಮದ ಪರ ಲಾಬಿಗೆ ಬರುವುದೂ ಉಂಟು. ದಲ್ಲಾಳಿ ಅಂತ ಬರೆದರೆ ಇದೆಲ್ಲ ಮರೆಯಾಗುತ್ತದೆ. ಅಲ್ಲದೆ ಕಾರ್ಮಿಕ ಸಂಘಗಳು, ರೋಗಿಗಳ ಸಂಘಗಳು, ಪರಿಸರದ ಗುಂಪುಗಳೂ ಲಾಬಿ ಮಾಡುತ್ತವೆ. ಅವರನ್ನೂ ದಲ್ಲಾಳಿ ಅನ್ನೋಕೆ ಆಗಲ್ಲ, ಅಲ್ವಾ?

‘ಒತ್ತಡ ಗುಂಪು’ ಬೇರೆ. ಅದು ಗುಂಪಿನ ಹೆಸರು, ನಿಮಗೆ ಬೇಕಿರೋದು ವ್ಯಕ್ತಿಯ ಹೆಸರು. ‘ವಶೀಲಿಗಾರ’ ಇನ್ನೂ ದೂರ.

ಮೇಲೆ ಒಬ್ಬರು ‘ಮೊಗಸಾಲಿಗ’ ಅಂತ ಸೂಚಿಸಿ, ಅಚ್ಚಗನ್ನಡ ಬಿಟ್ಟು ಬೇರೇನೂ ಸಲ್ಲದು ಅಂದಿದ್ದಾರೆ. ಮೊಗಸಾಲೆ ಅಚ್ಚಗನ್ನಡ ಅಲ್ಲ ಸ್ವಾಮಿ, ಮುಖಶಾಲೆಯ ತದ್ಭವ. ಶಾಸನಸಭೆಯಲ್ಲಿ ಲಾಬಿ ಅನ್ನುವ ಹಜಾರಕ್ಕೆ ಅದು ಚೆಂದದ ಪದ, ಅಲ್ಲಿ ಇರಲಿ. ಸದಸ್ಯರನ್ನು ಲಾಬಿಯಲ್ಲಿ ಕಾದು ಮಾತಾಡಿಸುತ್ತಿದ್ದರಿಂದ ಇಂಗ್ಲಿಷಿನಲ್ಲಿ ಜಾಗದ ಹೆಸರು ಕೆಲಸಕ್ಕೂ ಅಂಟಿತು. ನಾವೂ ಅದೇ ದಾರಿ ಸುತ್ತಿ ಬರಬೇಕಾಗಿಲ್ಲ.

ಎರವಲೇ ಬೇಡ ಅನ್ನುವವರು ‘ಕಾನೂನು’ ಪದವನ್ನೇ ನೋಡಲಿ. ಗ್ರೀಕಿನಲ್ಲಿ ಹುಟ್ಟಿ, ಅರಬ್ಬಿ, ಪಾರ್ಸಿ ದಾಟಿ ಬಂದದ್ದು. ‘ಮಸೂದೆ’ಯೂ ಅರಬ್ಬಿಯದೇ. ಎರಡನ್ನೂ ಬಿಟ್ಟು ಶಾಸನಸಭೆಯ ಒಂದು ದಿನದ ಸುದ್ದಿ ಬರೆದು ತೋರಿಸಿ, ಆಮೇಲೆ ಮಾತಾಡೋಣ.

‘ಲಾಬಿಗಾರ’ ಹಾಕಿ. ‘ಲಾಬಿ ಮಾಡು’ ಹೇಗೂ ಬಳಕೆಯಲ್ಲಿದೆ, ಹಾಡುಗಾರ, ಮಾತುಗಾರದ ಹಾಗೆ ‘ಗಾರ’ ಸಲೀಸಾಗಿ ಸೇರುತ್ತದೆ. ಒಂದು ಎಚ್ಚರ: ನಮ್ಮ ಪತ್ರಿಕೆಗಳಲ್ಲಿ ಲಾಬಿ ಅಂದರೆ ಜಾಸ್ತಿ ಸಲ ಸಚಿವ ಸ್ಥಾನಕ್ಕೋ ಟಿಕೆಟ್ಟಿಗೋ ಓಡಾಡುವುದು. ಹಾಗಾಗಿ ಮೊದಲ ಸಲ ‘ಕಾನೂನು ರಚನೆಯ ಮೇಲೆ ಪ್ರಭಾವ ಬೀರಲು ನೇಮಕವಾದ ಲಾಬಿಗಾರರು’ ಅಂತ ಬಿಡಿಸಿ ಬರೆಯಿರಿ. ಮುಂದೆ ಬರೀ ಲಾಬಿಗಾರ ಸಾಕು. ಹೆಣ್ಣಾದರೆ ಲಾಬಿಗಾರ್ತಿ.