ಸಹಾಯ ಬೇಕು: ತೆಳು ಹಾಳೆಯಲ್ಲಿ ಹರಡದ ಇಂಕ್ ಪೆನ್, ಜೊತೆಗೊಂದು ಪೆನ್ಸಿಲ್

ದಿನವೂ ಐದಾರು ಪುಟ ಕನ್ನಡದಲ್ಲಿ ಬರೆಯಬೇಕು. ನೋಟ್‌ಬುಕ್ಕಿನ ಹಾಳೆ 60 ಜಿಎಸ್‌ಎಂ (ಚದರ ಮೀಟರಿಗೆ 60 ಗ್ರಾಂ ತೂಕ), ಅದನ್ನು ಬದಲಿಸುವಂತಿಲ್ಲ. ಈಗಿರುವುದು ಮೀಡಿಯಂ ಸ್ಟೀಲ್ ನಿಬ್ಬು, ಮಾಮೂಲಿ ನೀಲಿ ಡೈ ಇಂಕು. ಅಕ್ಷರದ ಅಂಚಿನಲ್ಲಿ ಇಂಕು ಎಳೆಎಳೆಯಾಗಿ ಹರಡುತ್ತದೆ, ಹಿಂಬದಿಗೂ ಇಳಿಯುತ್ತದೆ. ಸುರುಳಿಗಳು ಮುಚ್ಚಿಕೊಂಡು ಥ, ಧ ಒಂದೇ ಥರ ಕಾಣುತ್ತವೆ. ನಿಬ್ಬು, ಅದಕ್ಕೆ ಇಂಕು ಹರಿಸುವ ಫೀಡ್ ಎರಡನ್ನೂ ತೊಳೆದದ್ದಾಯಿತು. ತಪ್ಪು ಪೆನ್ನಿನದಲ್ಲ, ಇಂಕು ಹೀರುವ ಹಾಳೆಯದು.

ಮನಸ್ಸಿನಲ್ಲಿರುವುದು ಎರಡು ದಾರಿ. ಒಂದು, ಜಪಾನಿನ ಪೈಲಟ್ ಅಥವಾ ಪ್ಲಾಟಿನಂ ಕಂಪನಿಯ ಎಫ್ (ಫೈನ್, ಅಂದರೆ ತೆಳು ಗೆರೆಯ) ನಿಬ್ಬು. ಜಪಾನಿನ ಎಫ್ ಸಾಮಾನ್ಯವಾಗಿ ಯುರೋಪಿನ ಎಫ್‌ಗಿಂತ ತೆಳು. ಆದರೆ ಒರಟು ಹಾಳೆಯಲ್ಲಿ ಅದು ಕೆರೆಯುವುದುಂಟು, ನಾರು ಸಿಕ್ಕಿಕೊಂಡು ಗೆರೆ ದಪ್ಪವಾಗುವುದೂ ಉಂಟು. ಇನ್ನೊಂದು, ನಿಬ್ಬು ಇದೇ ಇಟ್ಟುಕೊಂಡು ಐರನ್ ಗಾಲ್ ಇಂಕು (ಕಬ್ಬಿಣದ ಲವಣ, ಟ್ಯಾನಿನ್ ಸೇರಿಸಿ ಮಾಡುವ ಇಂಕು). ಅದು ಹರಡುವುದು ಕಡಿಮೆ, ಹರಿವೂ ಬಿಗಿ. ಆಮ್ಲೀಯವಾದ್ದರಿಂದ ಪೆನ್ನಿನಲ್ಲಿ ಒಣಗಲು ಬಿಡಬಾರದು. ದಿನಾ ಬಳಸುವವರು ಎಷ್ಟು ದಿನಕ್ಕೊಮ್ಮೆ ತೊಳೆಯುತ್ತೀರಿ?

ಬಾಲ್ ಪೆನ್ ಬೇಡ. ಹರಡುವುದಿಲ್ಲ ನಿಜ, ಒತ್ತಿ ಬರೆದು ಬೆರಳು ನೋಯುತ್ತದೆ. 0.38 ಮಿ.ಮೀ. ಜೆಲ್ ಪೆನ್ ಆದೀತು, ಮಜಾ ಇಲ್ಲ.

ಪೆನ್ಸಿಲ್ ಕರಡು ಬರೆಯಲು ಮಾತ್ರ. ಎಚ್‌ಬಿ ಮಸುಕು, 2ಬಿ ಅಂಗೈಗೆ ಮೆತ್ತುತ್ತದೆ, ಹಾಗಾಗಿ ಇವೆರಡರ ನಡುವಿನ ಬಿ ಸೀಸ, 0.5 ಮಿ.ಮೀ.ನದು ಎಂದುಕೊಂಡಿದ್ದೇನೆ. ಕುರು ಟೋಗಾ ಎಂಬ ಮೆಕ್ಯಾನಿಕಲ್ ಪೆನ್ಸಿಲ್‌ನಲ್ಲಿ, ಅದನ್ನು ಎತ್ತಿ ಇಟ್ಟಾಗಲೆಲ್ಲ ಸೀಸ ತುಸು ತಿರುಗುತ್ತದೆ. ಕೈ ಎತ್ತದೆ ಸುತ್ತಿ ಬರೆಯುವ ನಮ್ಮ ಅಕ್ಷರಗಳಿಗೆ ಅದು ಸಾಕಷ್ಟು ತಿರುಗುತ್ತದೆಯೇ? ಕನ್ನಡ ಬರೆದು ನೋಡಿದವರು ತಿಳಿಸಿ. ನಿಬ್ಬು, ಇಂಕು, ಹಾಳೆ ಮೂರನ್ನೂ ನಮೂದಿಸಿ, ಬರೆದ ಪುಟದ ಹಿಂಬದಿಯ ಫೋಟೋ ಹಾಕಿದರೆ ಉಪಕಾರ.