ಸಹಾಯ ಬೇಕು: ತುಮಕೂರಿನಲ್ಲಿ ವೀಲ್‌ಚೇರ್ ಹೋಗುವಂಥ ಲೈವ್ ಮ್ಯೂಸಿಕ್ ಹೋಟೆಲ್

ಎಲ್ಲರಿಗೂ ನಮಸ್ಕಾರ. ನಮ್ಮ ಅಕ್ಕನಿಗೆ ಹಾಡು ಅಂದರೆ ಪ್ರಾಣ. ಮುಂದಿನ ಶನಿವಾರ ಅವಳ ಹುಟ್ಟುಹಬ್ಬ. ಲೈವ್ ಮ್ಯೂಸಿಕ್ ಇರುವ ಕಡೆ ಊಟಕ್ಕೆ ಕರೆದುಕೊಂಡು ಹೋಗಬೇಕು. ಅವಳು ವೀಲ್‌ಚೇರ್ ಬಳಸುತ್ತಾಳೆ. ಬಿ.ಎಚ್. ರಸ್ತೆ, ಎಸ್.ಎಸ್. ಪುರಂ, ಬಟವಾಡಿ, ಎಲ್ಲಿದ್ದರೂ ಸರಿ. ಕ್ಯಾತ್ಸಂದ್ರದವರೆಗೂ ಬರುತ್ತೇವೆ.

ಫೋನ್ ಮಾಡಿದರೆ "ಬನ್ನಿ ಸರ್, ರ‍್ಯಾಂಪ್ ಇದೆ" ಅನ್ನುತ್ತಾರೆ. ಒಂದು ಕಡೆ ಹೋಗಿ ನೋಡಿದರೆ ಅದು ಬೈಕ್ ಹತ್ತಿಸೋಕೆ ಹಾಕಿದ ಸಿಮೆಂಟ್ ಇಳಿಜಾರು. ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದದ ರ‍್ಯಾಂಪ್ ಬೇಕು, ಅಲ್ಲಿ ಮೂರಡಿಯೂ ಇರಲಿಲ್ಲ. ಹುಡುಗರು ಸೇರಿ ಎತ್ತುತ್ತೇವೆ ಅಂದರು. ಒಳ್ಳೆ ಮನಸ್ಸಿನಿಂದಲೇ ಅಂದರು. ಆದರೆ ಎಲ್ಲರ ಮುಂದೆ ಎತ್ತಿಸಿಕೊಂಡು ಹೋಗೋದು ಅಕ್ಕನಿಗೆ ಇಷ್ಟ ಇಲ್ಲ. ಯಾರಿಗೆ ತಾನೆ ಇಷ್ಟ ಆಗುತ್ತೆ ಹೇಳಿ? 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಖಾಸಗಿಯವರಿಗೂ ಅನ್ವಯಿಸುತ್ತದೆ ಅಲ್ವಾ.

ನೀವೇ ಕಣ್ಣಾರೆ ನೋಡಿದ ಜಾಗ ಇದ್ದರೆ ದಯವಿಟ್ಟು ತಿಳಿಸಿ. ಮೇಲಿನ ಮಹಡಿಯಾದರೆ ಲಿಫ್ಟ್ ಇದೆಯಾ? ಟಾಯ್ಲೆಟ್ ಬಾಗಿಲು 90 ಸೆಂ.ಮೀ. ಆದರೂ ಅಗಲ ಇದೆಯಾ? ಹಾಡುವವರು ಕಾಣುವ ಹಾಗೆ ಒಂದು ಕುರ್ಚಿ ತೆಗೆದು ಜಾಗ ಮಾಡಿಕೊಡುತ್ತಾರಾ? ಸುಮ್ನೆ ಮೂಲೆಯಲ್ಲಿ, ಸ್ಪೀಕರ್ ಹಿಂದೆ ಕೂರಿಸುವುದು ಬೇಡ. ಬಾಗಿಲಿನ ಫೋಟೊ ಇದ್ದರೆ ಹಾಕಿ, ತುಂಬಾ ಉಪಕಾರ ಆಗುತ್ತೆ.