ಬಾಡಗಿ ಮನಿಯೊಳಗ ನಾಲಾ ನೀರು ಹೊಕ್ಕೈತಿ, ಖರ್ಚು ಯಾರ ಮ್ಯಾಲೆ?

ಪ್ರಶ್ನೆ:
ಹುಬ್ಬಳ್ಳ್ಯಾಗ ಉಣಕಲ್ ನಾಲಾದ ಹತ್ರ ಬಾಡಗಿಗೆ ಅದೀವ್ರಿ. ಹೋದ ವಾರ ರಾತ್ರಿ ಮೊಣಕಾಲ ಮಟ ನೀರು ಬಂದು ಫ್ರಿಜ್, ಗಾದಿ, ಮಗಳ ಪುಸ್ತಕ ಎಲ್ಲಾ ಹ್ವಾದುವು, ಜ್ವಾಳದ ಚೀಲ ಬಿಚ್ಚಿದ್ರ ಕಾಳು ಮೊಳಕಿ ಒಡದು ಹುಳಿ ವಾಸನಿ ಬರಾಕತ್ತೈತಿ. ಮಾಲಕರು ವೈರಿಂಗ್, ಗ್ವಾಡಿ ನೀವ ಮಾಡಿಸ್ಕೋರಿ ಅಂತಾರ, ಬಾಡಗಿನೂ 1ನೇ ತಾರೀಖಿಗೇ ಬೇಕಂತ. ಏನ್ ಮಾಡೂದ್ರಿ?

ಉತ್ತರ 1:
ಅಕ್ಕಾರ, ಗ್ವಾಡಿ ಮ್ಯಾಲಿನ ನೀರಿನ ಗೆರಿ ತೊಳಿಯೂಕಿಂತ ಮೊದಲ ಫೋಟೋ ತಗೀರಿ. ತಲಾಟಿಗೆ ಹೇಳಿ ಪಂಚನಾಮಾ ಮಾಡಿಸಿ ತಹಶೀಲ್ದಾರ್ ಆಫೀಸಿಗೆ ಅರ್ಜಿ ಕೊಡ್ರಿ, ಕರಾರುಪತ್ರ, ಆಧಾರ್, ಪಾಸ್‌ಬುಕ್ ಜೆರಾಕ್ಸ್ ಹಚ್ಚಿ. 2019ರ ನೆರಿಯಾಗ ನೀರು ಹೊಕ್ಕ ಮನಿಗೆ ಸರ್ಕಾರ 10,000 ರೂಪಾಯಿ ಕೊಟ್ಟಿತ್ತು. ಹಾಳಾದ ಸಾಮಾನು ನಿಮ್ದು, ಆ ದುಡ್ಡು ಮಾಲಕರ ಹೆಸರಿಗೆ ಹೋಗದಂಗ ನೋಡ್ಕೋರಿ.

ಉತ್ತರ 2:
ಮಾಲಕರು ಮಾಡಿಸಬೇಕಾದ ರಿಪೇರಿ ನೋಟಿಸ್ ಕೊಟ್ಟ ಮ್ಯಾಲೂ ಮಾಡಿಸಲಿಲ್ಲಂದ್ರ ನೀವು ಮಾಡಿಸಿ ಬಾಡಗ್ಯಾಗ ಮುರಕೋಬಹುದು, 1882ರ ಆಸ್ತಿ ವರ್ಗಾವಣೆ ಕಾಯ್ದೆ 108ನೇ ಕಲಮಿನ್ಯಾಗ ಐತಿ. ಆದ್ರ ಕರಾರಿನ್ಯಾಗ ಏನ್ ಬರದಾರ ಮೊದಲ ಓದ್ರಿ, ಬಾಯಿಮಾತಿಲೆ ಬಗೆಹರಿಸಬ್ಯಾಡ್ರಿ, ಬರದ ಕೊಡ್ರಿ.

ಉತ್ತರ 3:
ವೈರಮನ್ ನೋಡೂತನಕ ಫ್ರಿಜ್ ಸ್ವಿಚ್ ಹಚ್ಚಬ್ಯಾಡ್ರಿ ಅಕ್ಕಾ, ಕೈಮುಗಿತೀನಿ. ಮಗಳು ಎಷ್ಟನೇತ್ತಾ? ನಮ್ಮ ಹುಡುಗನ ಹಳೇ ಪುಸ್ತಕ ಅದಾವು.

ಪ್ರಶ್ನೆ ಕೇಳಿದವರು:
ಒಂಬತ್ತನೇತ್ತಾ ರೀ. ನಾಳೆ ತಲಾಟಿ ಕಡೆ ಹೋಗಿ ಬರ್ತೀನಿ, ಗೆರಿ ಇನ್ನೂ ಹಂಗ ಐತಿ.